ಬೇಲಿಯೊಳಗಿನ ಮಳೆ

೧೯೫೮ನೆಯ ಇಸವಿ ಫೆಬ್ರವರಿ ಹದಿನಾಲ್ಕನೆಯ ತಾರೀಖು, ಶುಕ್ರವಾರ, ಬೆಳಿಗ್ಗೆ ಎಂಟೂವರೆ ಗಂಟೆಗೆ, ಶಹಾಪುರದ ಹೊಸ ಕ್ವಾರ್ಟರ್ಸಿನ ನಡುಬಯಲಿನಲ್ಲಿ ಇಪ್ಪತ್ತೆರಡು ಸೆಂಟ್ ಮಳೆಯಾಗಿರುವುದು ಸಂಗಣ್ಣನ ಗಮನಕ್ಕೆ ಬಂತು.

ಆಕಾಶದಲ್ಲಿ ಅಂಗೈಯಗಲದ ಮೋಡವೂ ಇರಲಿಲ್ಲ. ಬೇವಿನ ಮರದ ಬುಡದಲ್ಲಿ ಮಲಗಿದ್ದ ಕಂದು ನಾಯಿಯ ಮೈಮೇಲೆ ನಿನ್ನೆಯ ಧೂಳು ನಿನ್ನೆಯ ಹಾಗೆಯೇ ಕೂತಿತ್ತು. ಆದರೆ ಸಂಗಣ್ಣ ನಾಯಿಯನ್ನು ನೋಡಲಿಲ್ಲ. ನೋಡಬೇಕೆಂದು ನಿಯಮದಲ್ಲಿ ಇರಲಿಲ್ಲ. ಮಳೆಮಾಪಕದ ಮೇಲಿನ ಆಲಿಕೆಯನ್ನು ತೆಗೆದು, ಒಳಗಿನ ಬಾಟಲಿಯನ್ನು ಎತ್ತಿ, ಅದರಲ್ಲಿದ್ದ ನೀರನ್ನು ಗೆರೆ ಕೊರೆದ ಗಾಜಿನ ಲೋಟಕ್ಕೆ ಬಗ್ಗಿಸಿ, ಮೊಣಕಾಲೂರಿ, ಕಣ್ಣನ್ನು ನೀರಿನ ಮಟ್ಟಕ್ಕೆ ತಂದು ಓದಿದ. ಇಂಚನ್ನು ನೂರು ಪಾಲು ಮಾಡಿದರೆ ಒಂದು ಪಾಲು ಒಂದು ಸೆಂಟ್. ಅಂಥವು ಇಪ್ಪತ್ತೆರಡು. ಇನ್ನೊಮ್ಮೆ ಓದಿದ. ಆಗಲೂ ಇಪ್ಪತ್ತೆರಡೇ.

ಈ ಮಾಪಕ ಅವನ ಪಾಲಿಗೆ ಬಂದದ್ದು ಹೀಗೆ. ಸಂಗಣ್ಣ ಸುರಪುರದ ಕಡೆಯವನು, ಶಹಾಪುರದ ತಾಲೂಕು ಕಚೇರಿಯಲ್ಲಿ ಗುಮಾಸ್ತ. ನಿಜಾಮರ ಕಾಲದ ಶಾಲೆಯಲ್ಲಿ ಉರ್ದು ಕಲಿತವನು. ಅವನ ಉರ್ದು ಬರಹವನ್ನು ನೋಡಲೆಂದೇ ಹಿಂದಿನ ಸಾಹೇಬರು ಕಾಗದಗಳನ್ನು ಎರಡು ಸಲ ಬರೆಸುತ್ತಿದ್ದರಂತೆ. ರಾಜ್ಯಗಳು ಕೂಡಿ ಎರಡನೆಯ ವರ್ಷ ನಡೆದಿತ್ತು. ಈಗ ಕಚೇರಿಯ ಕಾಗದವೆಲ್ಲ ಕನ್ನಡ ಮತ್ತು ಇಂಗ್ಲಿಷ್. ಸಂಗಣ್ಣನ ಮೇಜು ಕಿಟಕಿಯ ಪಕ್ಕಕ್ಕೆ ಸರಿದಿತ್ತು, ಅಲ್ಲಿಂದ ಹೊರಗೆ ನೋಡುವುದು ಅವನ ಕೆಲಸವಾಗಿತ್ತು. ಅಂಥ ಹೊತ್ತಿನಲ್ಲಿ ಹುಲ್ಲು ತುಂಬಿದ ಮರದ ಪೆಟ್ಟಿಗೆಯೊಂದರಲ್ಲಿ ಮಳೆಮಾಪಕ ಬಂತು. ದಿನಾಲು ಬೆಳಿಗ್ಗೆ ಎಂಟೂವರೆಗೆ ನೋಡಬೇಕು, ರವಿವಾರವೂ ಬಿಡುವಿಲ್ಲ. ಮೈಸೂರು ಕಡೆಯಿಂದ ಹೊಸದಾಗಿ ಬಂದಿದ್ದ ತಹಶೀಲ್ದಾರರು "ಯಾರು ನೋಡಿಕೊಳ್ತೀರಪ್ಪ?" ಎಂದು ಕೇಳಿದಾಗ ಕಚೇರಿಯವರೆಲ್ಲ ಮಾಡಿನ ತೊಲೆಗಳನ್ನು ನೋಡಿದರು. ಸಂಗಣ್ಣ ಪೆಟ್ಟಿಗೆಯನ್ನು ನೋಡುತ್ತಿದ್ದ. ಹಾಗಾಗಿ ಅದು ಅವನದಾಯಿತು.

ಮಾಪಕಕ್ಕೆ ಬಯಲು ಬೇಕು. ಹತ್ತಿರದಲ್ಲಿ ಗೋಡೆ ಇರಬಾರದು, ಮರ ಇರಬಾರದು. ಕಚೇರಿಯ ಸುತ್ತ ಹುಣಸೆಮರ. ಸಂಗಣ್ಣನಿದ್ದ ಕ್ವಾರ್ಟರ್ಸಿನ ಎರಡು ಸಾಲು ಮನೆಗಳ ನಡುವೆ ಮಾತ್ರ ಒಳ್ಳೆಯ ಬಯಲಿತ್ತು.

ಆ ಬಯಲಿಗೆ ಅದರದೇ ದಿನಚರಿ ಇತ್ತು. ಕ್ವಾರ್ಟರ್ಸು ಕಟ್ಟುವ ಮೊದಲು ಅದು ಮಾಳಮ್ಮನ ಮನೆತನದ ಕುರಿಗಳು ಕೂಡ್ರುವ ಜಾಗ. ಮನೆಗಳೆದ್ದ ಮೇಲೆ ಮಾಳಮ್ಮ ಮತ್ತು ಅವಳ ಗಂಡ ಬೀರಣ್ಣ ದೊಡ್ಡಿಯನ್ನು ಅಂಚಿಗೆ ಸರಿಸಿಕೊಂಡರು. ಕುರಿ, ಆಡುಗಳಿಗೆ ಮಾತ್ರ ಯಾರೂ ಈ ಬದಲಾವಣೆಯನ್ನು ತಿಳಿಸಿರಲಿಲ್ಲ. ಬೆಳಿಗ್ಗೆ ಅವು ಬಂದು ಹಳೆಯ ಜಾಗದಲ್ಲಿ ಕೂತೆದ್ದು ಹೋಗುತ್ತಿದ್ದವು. ಬಿಸಿಲೇರಿದ ಮೇಲೆ ಗೌಹರಬೇಗಂ ಶಾವಿಗೆ, ಮೆಣಸಿನಕಾಯಿ ಹರವುತ್ತಿದ್ದಳು. ಮಧ್ಯಾಹ್ನ ಸಂಗಣ್ಣನ ಹೆಂಡತಿ ಅಮೃತಮ್ಮನ ಕೌದಿ, ಹಳೆಯ ಸೀರೆಗಳನ್ನು ಪದರ ಹಾಕಿ ಹೊಲಿದ ಹೊದಿಕೆ. ಸಂಜೆ ಗೌಹರಬೇಗಂಳ ಗಂಡ, ಪಿಂಚಣಿಯಾದ ಕೋರ್ಟಿನ ಅಮೀನ ನಸೀರುದ್ದೀನ, ಹೈದರಾಬಾದಿನ ಹಳೆಯ ಪತ್ರಿಕೆ ಹಿಡಿದು ಕುರ್ಚಿ ಹಾಕಿಸುತ್ತಿದ್ದರು. ಯಾರಿಗೆ ಎಷ್ಟು ಜಾಗ ಎಂದು ಯಾರೂ ಬರೆದಿಟ್ಟಿರಲಿಲ್ಲವಾದ್ದರಿಂದ ಎಲ್ಲರಿಗೂ ಸಾಕಾಗುವಷ್ಟಿತ್ತು.

ಅದರ ನಟ್ಟನಡುವೆ ಸರ್ಕಾರ ಕಬ್ಬಿಣದ ಕಂಬ ನೆಟ್ಟು, ಆಳೆತ್ತರದ ತಂತಿಯ ಬೇಲಿ ಹಾಕಿ, ಬಾಗಿಲಿಗೆ ಬೀಗ ಜಡಿಯಿತು. ಸಂಗಣ್ಣ ತನ್ನ ಖರ್ಚಿನಿಂದ ಒಂದು ಬೋರ್ಡು ಬರೆಸಿದ: "ಸರ್ಕಾರಿ ಮಳೆಮಾಪನ ಕೇಂದ್ರ. ಅಪ್ಪಣೆಯಿಲ್ಲದೆ ಒಳಗೆ ಬಂದವರನ್ನು ಶಿಕ್ಷಿಸಲಾಗುವುದು." ಶಿಕ್ಷೆಯ ಮಾತು ಮೇಲಿನವರಿಂದ ಬಂದದ್ದಲ್ಲ, ಹಲಗೆಯಲ್ಲಿ ಒಂದು ಸಾಲಿನ ಜಾಗ ಉಳಿದಿತ್ತು.

ಮಾಳಮ್ಮ ಬೇಲಿಯ ಹೊರಗೆ ನಿಂತು ಬಹಳ ಹೊತ್ತು ನೋಡಿದಳು.

"ಯಪ್ಪಾ ಸಂಗಣ್ಣ, ಇದು ಏನು ತಿಂತದ?"

"ತಿನ್ನಂಗಿಲ್ಲಬೇ. ಮಳಿ ಹಿಡೀತದ."

"ಮತ್ತ ಓಡಿ ಹೋಗ್ತದೇನು, ಇಷ್ಟು ಬೇಲಿ ಹಾಕೀರಿ?"

"ಹೊರಗಿನವ್ರು ಕೈ ಹಚ್ಚಬಾರದು."

"ನಾ ಹುಟ್ಟಿದಾಗಿಂದ ಈ ಬಯಲಾಗ ಇದೀನಿ. ಹೊರಗಿನಾಕಿ ಯಾವಾಗ ಆದೆ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಮಾಳಮ್ಮ ಆಡು ಹೊಡೆದುಕೊಂಡು ಹೋದಳು.

ಕೆಲವೇ ದಿನಗಳಲ್ಲಿ ಓಣಿಯ ಹೆಂಗಸರು ಒಂದು ಸಂಗತಿಯನ್ನು ಕಂಡುಕೊಂಡರು. ಇಡೀ ಬಯಲಿನಲ್ಲಿ ಆಡು ಬಾಯಿ ಹಾಕಲಾಗದ ಜಾಗವೆಂದರೆ ಆ ಬೇಲಿಯ ಒಳಗು ಒಂದೇ. ಹಿಂದಿನ ತಿಂಗಳು ಅಮೃತಮ್ಮನ ತವರಿನ ಕೌದಿಯ ಒಂದು ಮೂಲೆಯನ್ನು ಆಡು ತಿಂದು ಮುಗಿಸಿತ್ತು. ಆದ್ದರಿಂದ ಒಂದು ಗುರುವಾರ, ಗಂಡ ಕಚೇರಿಗೆ ಹೋದ ಮೇಲೆ, ಅವಳು ಮೊಳೆಗೆ ತೂಗಿದ್ದ ಕೀಲಿಕೈ ತೆಗೆದುಕೊಂಡು ಬೇಲಿಯೊಳಗೆ ಹೋಗಿ ಕಂಬದಿಂದ ಕಂಬಕ್ಕೆ ಹಗ್ಗ ಕಟ್ಟಿದಳು. ಕೆರೆಯಲ್ಲಿ ಒಗೆದು, ತಲೆಯ ಮೇಲೆ ಹೊತ್ತು ತಂದ ಹಸಿ ಕೌದಿಯನ್ನು ಅದರ ಮೇಲೆ ಹರವಿದಳು. ಅಪ್ಪಣೆ ಕೊಡುವವನ ಹೆಂಡತಿಗೆ ಅಪ್ಪಣೆ ಯಾಕೆ ಎಂಬುದು ಅವಳ ಎಣಿಕೆ. ಗಂಡ ಬರುವ ಮೊದಲು ಹಗ್ಗ, ಕೌದಿ ಎರಡನ್ನೂ ತೆಗೆದಿಟ್ಟಳು. ಬೋರ್ಡಿನ ಮೇಲಿನ ಮಾತನ್ನು ಮತ್ತೆ ಬಾಯಿಂದ ಕೇಳುವುದು ಅವಳಿಗೆ ಬೇಕಿರಲಿಲ್ಲ. ಹಗ್ಗ ಮೂಲೆಯಿಂದ ಎದುರು ಮೂಲೆಗೆ, ಮಾಪಕ ಸರಿಯಾಗಿ ನಡುವೆ. ರೇಖಾಗಣಿತ ಬಲ್ಲವರಿಗೆ ಮುಂದಿನದನ್ನು ಹೇಳಬೇಕಾಗಿಲ್ಲ.

ಅಂದಿನ ಶುಕ್ರವಾರ ಸಂಗಣ್ಣ ಮನೆಯೊಳಗೆ ಬಂದವನೇ ಕೇಳಿದ.

"ರಾತ್ರಿ ಮಳಿ ಆತೇನು?"

"ಎಲ್ಲಿ?" ಅಮೃತಮ್ಮ ರೊಟ್ಟಿ ಬಡಿಯುತ್ತಿದ್ದಳು.

"ಇಲ್ಲೇ. ನಮ್ಮ ಬಯಲಾಗ."

"ನನಗೇನು ಗೊತ್ತರಿ. ಮಳಿ ನೋಡವ್ರು ನೀವು."

ಅವಳು ಏನನ್ನೂ ಮುಚ್ಚಿಡಲಿಲ್ಲ. ಮಳೆಗೆಂದು ಇಟ್ಟ ಡಬ್ಬಿ ಮಳೆಯನ್ನಷ್ಟೇ ಲೆಕ್ಕಕ್ಕೆ ಹಿಡಿಯುತ್ತದೆಂದು ಅವಳು ನಂಬಿದ್ದಳು. ಜೋಳ ಅಳೆಯುವ ಸೇರಿನಲ್ಲಿ ಬಟ್ಟೆ ಅಳೆಯಲು ಬರುತ್ತದೆಯೇ?

ಸಂಗಣ್ಣ ಪೆಟ್ಟಿಗೆಯ ಜೊತೆ ಬಂದಿದ್ದ ನಿಯಮಗಳ ಹಾಳೆಯನ್ನು ತೆಗೆದ. ಏಳನೆಯ ನಿಯಮ ಸ್ಪಷ್ಟವಾಗಿತ್ತು: ನೋಡುವವನು ಬಾಟಲಿಯಲ್ಲಿ ಇದ್ದುದನ್ನು ಬರೆಯತಕ್ಕದ್ದು, ತನಗೆ ತೋಚಿದ್ದನ್ನು ಬರೆಯಕೂಡದು. ಅವನಿಗೆ ಈ ನಿಯಮ ಬಹಳ ಹಿಡಿಸಿತು. ಇತ್ತೀಚೆಗೆ ಅವನಿಗೆ ತೋಚಿದ್ದನ್ನು ಕೇಳುವವರು ಯಾರೂ ಇರಲಿಲ್ಲ. ಕೇಳದಿರುವುದೇ ನಿಯಮವೆಂದಾದರೆ ಅದರಲ್ಲಿ ಅವಮಾನವಿಲ್ಲ. ಇಪ್ಪತ್ತೆರಡು ಸೆಂಟ್ ಬರೆದು ಅಂಚೆಗೆ ಹಾಕಿದ.

ಅಮೃತಮ್ಮನ ಕೌದಿ ಆಡಿನ ಕಾಟವಿಲ್ಲದೆ ಒಣಗಿದ್ದನ್ನು ಗೌಹರಬೇಗಂ ನೋಡಿದಳು.

"ಅಮೃತಾ, ಸೋಮವಾರ ನಮ್ಮವರ ಪೈಜಾಮ, ದುಪಟ್ಟಾ ಒಗೀತೀನಿ. ನಿನ್ನ ಜೇಲಿನ ಚಾವಿ ಕೊಡ್ತೀಯೇನು?"

"ತಗೋರಿ ಆಪಾ. ಐದರೊಳಗ ಮೊಳಿಗಿ ಇರಬೇಕು ಮತ್ತ."

ಶನಿವಾರ ಮಾಳಮ್ಮನ ಸರದಿ. ಅವಳು ಕೀಲಿಕೈಯನ್ನೇ ಕೇಳಲಿಲ್ಲ. ಹಿಂದಿನ ಕಂಬದ ಕೆಳಗಿನ ತಂತಿಯನ್ನು ಅವಳ ಹೋತವೊಂದು ಹಿಂದೆಯೇ ಸಡಿಲ ಮಾಡಿತ್ತು. ಹೋತ ದಾಟಲಾಗದ ಆ ಕಿಂಡಿಯಲ್ಲಿ ಮಾಳಮ್ಮ ಕಂಬಳಿ ಸಮೇತ ನುಸುಳಿದಳು. ಹೀಗೆ ಒಂದು ತಿಂಗಳು ಬಯಲಿನಿಂದ ಹೊರಬಿದ್ದಿದ್ದ ಬಟ್ಟೆಬರೆ, ಬೀಗ ಹಾಕಿದ ಜಾಗದೊಳಗೆ ಸದ್ದಿಲ್ಲದೆ ಮರಳಿ ಸೇರಿಕೊಂಡಿತು. ಸಂಗಣ್ಣನ ಮಳೆಗಾಲವೂ ಸ್ಥಿರವಾಯಿತು: ಶುಕ್ರವಾರ, ಮಂಗಳವಾರ, ರವಿವಾರ.

ಅವನು ಬಹಳ ನಿಷ್ಠೆಯಿಂದ ನೋಡುತ್ತಿದ್ದ. ಪ್ರಮಾಣವಷ್ಟೇ ಅಲ್ಲ, ಗುಣವನ್ನೂ ನೋಡಿದ. ಒಂದು ದಿನ ಚಹಾದಂಗಡಿಯಲ್ಲಿ ಕಚೇರಿಯ ಜವಾನ ದ್ಯಾವಪ್ಪನಿಗೆ ವಿವರಿಸಿದ. ದ್ಯಾವಪ್ಪನೂ ಅದೇ ಕ್ವಾರ್ಟರ್ಸಿನವನು.

"ಸಂಗಣ್ಣಾರ, ನಮ್ಮ ಮನಿ ನಿಮ್ಮ ಬೇಲಿಗಿ ನಾಕು ಮಾರು ಇಲ್ಲ. ನಮ್ಮ ಅಂಗಳ ಒಣಾ ಒಣಾ ಅದರಿ."

"ಸ್ಥಳೀಯ ವೃಷ್ಟಿ ಅಂತಾರ ಇದಕ್ಕ."

"ಎಷ್ಟು ಸ್ಥಳೀಯ ಇರ್ತದ್ರಿ ಅದು?"

ಸಂಗಣ್ಣ ಯೋಚಿಸಿದ. "ಈಗ ನೋಡಿದ್ರ, ಬೇಲಿಯಷ್ಟು."

ದ್ಯಾವಪ್ಪ ಬಸಿಯಲ್ಲಿ ಚಹಾ ಹುಯ್ದುಕೊಂಡ. "ಸರ್ಕಾರದವ್ರು ಜಾಗ ನೋಡೇ ಹಾಕ್ಯಾರ ಬಿಡ್ರಿ."

"ಇನ್ನೊಂದು ಹೇಳ್ತೀನಿ. ಮಂಗಳವಾರದ ಮಳಿ ಸ್ವಲ್ಪ ನೀಲಿ ಇರ್ತದ. ಐತವಾರದ್ದು ಕುರಿ ವಾಸನಿ ಬರ್ತದ."

"ಮೋಡ ಎಲ್ಲಿ ಮೇದು ಬಂದಾವೋ ಏನೋ," ಎಂದ ದ್ಯಾವಪ್ಪ.

ತಹಶೀಲ್ದಾರರು ಒಮ್ಮೆ ಕರೆದು ಕೇಳಿದ್ದು ನಿಜ. "ಏನ್ರೀ ಸಂಗಣ್ಣ, ವಾರಕ್ಕೆ ಮೂರು ಸಲ ಮಳೆ ಬರ್ತಾ ಇದೆ ಅಂತ ಕಳಿಸ್ತಿದ್ದೀರಿ. ನಾನು ಊರಲ್ಲೇ ಇದ್ದೇನೆ, ಒಂದು ಹನಿ ಕಾಣಲಿಲ್ಲವಲ್ಲ?"

"ಬಾಟಲಿಯಾಗ ಇದ್ದದ್ದು ಬರದೀನ್ರಿ."

ತಹಶೀಲ್ದಾರರು ಬಿಸಿಲನ್ನು ನೋಡಿದರು. ಅವರ ಊರಿನಲ್ಲಿ ಮಳೆ ಬಂದರೆ ಮನೆಯೊಳಗಿದ್ದವರಿಗೂ ತಿಳಿಯುತ್ತಿತ್ತು. ಇಲ್ಲಿ ಕಾದ ನೆಲಕ್ಕೆ ಮುಟ್ಟುವ ಮೊದಲೇ ಆರಿಹೋಗುತ್ತದೇನೋ. ಈ ಕಡೆಯ ಪದ್ಧತಿ ಈ ಕಡೆಯವರಿಗೇ ಗೊತ್ತು ಎಂದುಕೊಂಡರು. ಸಂಗಣ್ಣನಾದರೋ, ಮಳೆ ಸುರಿಯುವ ನಾಡಿನಿಂದ ಬಂದ ಸಾಹೇಬರೇ ಸುಮ್ಮನಾದ ಮೇಲೆ ಇದು ಮಳೆಯೇ ಎಂದು ಧೈರ್ಯ ತಂದುಕೊಂಡ. ಎರಡು ರಾಜ್ಯಗಳು ಕೂಡಿದ್ದರಿಂದ ಆದ ಪ್ರಯೋಜನಗಳಲ್ಲಿ ಇದೂ ಒಂದು: ಗೊತ್ತಿಲ್ಲದ್ದನ್ನು ಒಬ್ಬರು ಇನ್ನೊಬ್ಬರಿಗೆ ಬಿಡಬಹುದಿತ್ತು.

ಹೀಗೆಯೇ ನಡೆದಿದ್ದರೆ ಯಾರಿಗೂ ನಷ್ಟವಿರಲಿಲ್ಲ. ಆದರೆ ಬಾವಿಯೊಂದಿತ್ತು.

ಕ್ವಾರ್ಟರ್ಸಿಗೆ ಕುಡಿಯುವ ನೀರು ಗುಡ್ಡದ ಕೆಳಗಿನ ಬಾವಿಯಿಂದ ಬರಬೇಕು. ಬರುವಾಗ ಏರು. ಮೂರು ಅರ್ಜಿ ಹಾಕಿದ ಮೇಲೆ ಬಯಲಿನ ಮೂಡಣ ತುದಿಯಲ್ಲಿ ಒಂದು ಸೇದುವ ಬಾವಿ ಮಂಜೂರಾಗಿತ್ತು. ಜನವರಿಯಲ್ಲೇ ಒಬ್ಬರು ಬಂದು ಸುಣ್ಣದಲ್ಲಿ ವೃತ್ತ ಎಳೆದು ಹೋಗಿದ್ದರು. ಗೌಹರಬೇಗಂ ಕೊಡ ಹೊತ್ತು ಬರುವಾಗ ಆ ವೃತ್ತದ ಅಂಚಿನಲ್ಲಿ ಇಳಿಸಿ ದಣಿವಾರಿಸಿಕೊಳ್ಳುತ್ತಿದ್ದಳು. "ಬಾವಿ ಕಟ್ಟಿ ಮ್ಯಾಲೆ ಕೂತೀನಿ," ಎನ್ನುತ್ತಿದ್ದಳು. ತೋಡುವವರು ಹೋಳಿಯ ನಂತರ ಬರುವುದೆಂದು ಗೊತ್ತಾಗಿತ್ತು.

ಹೋಳಿಯ ಮರುದಿನ ತೋಡುವವರ ಬದಲು ಹುಕುಂ ಬಂತು. ದ್ಯಾವಪ್ಪ ಅದನ್ನು ಬೇವಿನ ಮರದ ಕೆಳಗೆ ಓದಿ ಹೇಳಿದ. ಈ ವರ್ಷ ತಾಲೂಕಿಗೆ ಒಂದೇ ಬಾವಿ. ಮಳೆ ಕಡಿಮೆ ಇದ್ದಲ್ಲಿಗೆ ಅದು ಹೋಗತಕ್ಕದ್ದು. ವಡಗೇರಾದ ಮಾಪಕದಲ್ಲಿ ಸೊನ್ನೆ. ಶಹಾಪುರ ಕ್ವಾರ್ಟರ್ಸಿನಲ್ಲಿ ಬೇಸಿಗೆಯಲ್ಲೇ ಎರಡು ಇಂಚಿಗೆ ಮೇಲೆ ಬಿದ್ದಿರುವುದರಿಂದ ಬಾವಿಯನ್ನು ವಡಗೇರಾಕ್ಕೆ ಕೊಡಲಾಗಿದೆ.

ಓಣಿಗೆ ಓಣಿಯೇ ಸಂಗಣ್ಣನ ಕಡೆ ತಿರುಗಿತು.

"ಸಂಗಣ್ಣ ಭಾಯಿ," ಎಂದರು ನಸೀರುದ್ದೀನ, ಪತ್ರಿಕೆ ಮಡಿಚಿ, "ಕಲಮು ನಿಮ್ಮ ಕೈಯಾಗ ಅದ. ಒಂದು ಸಿಫರ್, ಒಂದು ಸೊನ್ನಿ ಬರ್ಯಾಕ ಎಷ್ಟು ಮಸಿ ಬೇಕು?"

"ಸುಳ್ಳು ಬರೀಲೇನ್ರಿ ಸಾಬ್ರ?"

"ಸುಳ್ಳು ಯಾಕಾಗ್ತದ? ಮಳಿ ಬಂದಿಲ್ಲಲ್ಲ."

"ಡಬ್ಬಿಯಾಗ ಬಂದದಲ್ರಿ."

"ಡಬ್ಬಿ ಒಳಗ ಬಂದು, ಊರಾಗ ಬರಲಾರದ ಮಳಿ ಯಾವುದದು?"

"ಅದನ್ನ ಕೇಳೋ ಅಧಿಕಾರ ನನಗಿಲ್ಲರಿ. ಏಳನೇ ನಿಯಮ ಅದ."

"ನಿಮ್ಮ ಏಳನೇ ನಿಯಮ ಕೊಡದಾಗ ತುಂಬಿ ಕುಡೀಲೇನು ನಾವು?" ಎಂದ ದ್ಯಾವಪ್ಪ.

ಶುಕ್ರವಾರ, ಮಂಗಳವಾರ, ರವಿವಾರ ಎಂದು ದ್ಯಾವಪ್ಪ ದಿನಗಳನ್ನು ಓದಿದಾಗಲೇ ಹೆಂಗಸರಿಗೆ ಆ ಮಳೆಯ ಮೂಲ ಹೊಳೆದಿತ್ತು. ಅಮೃತಮ್ಮ ಗೌಹರಬೇಗಂಳ ಮುಖ ನೋಡಿದಳು. ಗೌಹರಬೇಗಂ ಮಾಳಮ್ಮನ ಮುಖ ನೋಡಿದಳು. ಮಾಳಮ್ಮನಿಗೆ ನೋಡಲು ಯಾರ ಮುಖವೂ ಉಳಿಯದ್ದರಿಂದ ಅವಳು ಹೋತದ ಮುಖ ನೋಡಿದಳು.

ಮರುದಿನದಿಂದ ಬೇಲಿಯೊಳಗೆ ಹಗ್ಗ ಕಾಣಲಿಲ್ಲ. ಮಳೆ ನಿಂತಿತು.

ಸಂಗಣ್ಣ ದಿನಾಲು ಸೊನ್ನೆ ಬರೆದ. ಒಂದು ವಾರ ಬರೆದ ಮೇಲೆ ಬೆಂಗಳೂರಿನಿಂದ ಅವನ ಹೆಸರಿಗೇ ಕಾಗದ ಬಂತು. ಅವನ ಹೆಸರಿಗೆ ಬಂದ ಮೊದಲ ಸರ್ಕಾರಿ ಕಾಗದ ಅದು. ಒಡೆಯುವ ಮೊದಲು ಎರಡು ಮನೆಗಳಿಗೆ ತೋರಿಸಿದ. ಒಡೆದ ಮೇಲೆ ಯಾರಿಗೂ ತೋರಿಸಲಿಲ್ಲ. ಶಹಾಪುರದ ಅಂಕಿಗಳು ಸುತ್ತಲಿನ ಯಾವ ಕೇಂದ್ರಕ್ಕೂ ತಾಳೆಯಾಗುತ್ತಿಲ್ಲ; ಮುಂದಿನ ಶುಕ್ರವಾರ ಬೆಳಿಗ್ಗೆ ಎಂಟೂವರೆಗೆ ಇನ್‌ಸ್ಪೆಕ್ಟರರು ಖುದ್ದಾಗಿ ಬಂದು ನೋಡುವರು; ಅಂಕಿಗಳು ಕಲ್ಪಿತವೆಂದು ಕಂಡಲ್ಲಿ ನೋಡುವವನನ್ನು ನೌಕರಿಯಿಂದ ಅಮಾನತು ಮಾಡಲಾಗುವುದು.

ಅವನು ಅಮೃತಮ್ಮನಿಗೆ ಅದನ್ನು ಓದಿ ಹೇಳಿದ. ಓದುವಾಗ ದನಿ ತಗ್ಗಿಸಿದನಾದರೂ ಕ್ವಾರ್ಟರ್ಸಿನ ಗೋಡೆಗಳನ್ನು ಕಟ್ಟಿದವರು ಅಂಥ ಸಂದರ್ಭಗಳನ್ನು ಯೋಚಿಸಿರಲಿಲ್ಲ.

"ಅವತ್ತ ಮಳಿ ಆಗಲಿಲ್ಲಂದ್ರ, ಹಿಂದಿನದೆಲ್ಲ ನಾ ಮನ್ಯಾಗ ಕೂತು ಬರದೀನಿ ಅಂತಾರ," ಎಂದ.

"ಏನ್ರಿ, ನಾ ಒಂದು ಮಾತು—"

"ನೌಕರಿ ಹೋದ್ರ ಈ ಮನೀನೂ ಹೋಗ್ತದ. ಎಲ್ಲಿಗಿ ಹೋಗೋಣು?"

ಅಮೃತಮ್ಮ ಬಾಗಿಲಿನಿಂದ ಹೊರಗೆ ನೋಡಿದಳು. "ಒಳಗೆ ಬಂದವರನ್ನು ಶಿಕ್ಷಿಸಲಾಗುವುದು" ಎಂಬ ಸಾಲು ಅಲ್ಲಿಂದಲೇ ಕಾಣುತ್ತಿತ್ತು. ಆ ಸಾಲನ್ನು ಗಂಡನೇ ಸೇರಿಸಿದ್ದೆಂದು ಅವಳಿಗೆ ತಿಳಿಯದು. ಬಾಗಿಲನ್ನು ಮುಂದೂಡಿ ಒಲೆಯ ಕಡೆ ಹೋದಳು.

ಶುಕ್ರವಾರ ಸಂಗಣ್ಣ ಹೊತ್ತು ಮೂಡುವ ಮೊದಲೇ ಮಿಂದು, ಇಸ್ತ್ರಿ ಮಾಡಿದ ಕೋಟು ಹಾಕಿ, ಇನ್‌ಸ್ಪೆಕ್ಟರರನ್ನು ಕರೆತರಲು ಪ್ರವಾಸಿ ಬಂಗಲೆಗೆ ಹೋದ. ಅವರು ತೆಳ್ಳನೆಯ, ಮೆಲುದನಿಯ ಮನುಷ್ಯ. ಕೈಯಲ್ಲಿ ಕೊಡೆಯಿತ್ತು. ಅದನ್ನು ಕಂಡು ಸಂಗಣ್ಣನಿಗೆ ಸ್ವಲ್ಪ ಆಸೆ ಹುಟ್ಟಿತು. ಎಂಟೂವರೆಗೆ ಸರಿಯಾಗಿ ಇಬ್ಬರೂ ಬಯಲಿಗೆ ಬಂದರು. ತಹಶೀಲ್ದಾರರು ಆಗಲೇ ಬಂದಿದ್ದರು. ಓಣಿಯವರು ಬೇಲಿಯ ಸುತ್ತ ನಿಂತಿದ್ದರು. ಮಾಳಮ್ಮ ಆಡುಗಳನ್ನು ಕೂಡ ಕರೆತಂದಿದ್ದಳು.

ಸಂಗಣ್ಣ ಬೀಗ ತೆಗೆದ. ಆಲಿಕೆಯನ್ನು ಎತ್ತಿದ. ಬಾಟಲಿ ಬಾಯಿಯ ತನಕ ತುಂಬಿತ್ತು. ಬಾಟಲಿಯನ್ನು ಎತ್ತಿದರೆ, ಅದು ತುಂಬಿ ಚೆಲ್ಲಿದ ನೀರು ಹೊರಗಿನ ಡಬ್ಬಿಯಲ್ಲಿ ತುಳುಕುತ್ತಿತ್ತು.

"ಅಳೆಯಿರಿ," ಎಂದರು ಇನ್‌ಸ್ಪೆಕ್ಟರರು.

ಗಾಜಿನ ಲೋಟ ಅರ್ಧ ಇಂಚಿನದು. ಸಂಗಣ್ಣ ತುಂಬಿದ, ಓದಿದ, ಚೆಲ್ಲಿದ, ಮತ್ತೆ ತುಂಬಿದ. ಲೋಟ ತುಂಬಿದ ಹಾಗೆಲ್ಲ ಅವನ ಮುಖದಲ್ಲಿ ಮೊದಲು ಬೆಳಕು ಬಂತು, ಎರಡು ಇಂಚು ದಾಟಿದ ಮೇಲೆ ಅದು ಅಲ್ಲಿಯೇ ನಿಂತಿತು, ನಾಲ್ಕು ಇಂಚಿಗೆ ಇಳಿಯತೊಡಗಿತು. ಕಡೆಯ ಲೋಟ ಮುಗಿದಾಗ ಒಟ್ಟು ಆರು ಇಂಚು ಹತ್ತು ಸೆಂಟ್ ಆಗಿತ್ತು.

"ಒಂದೇ ರಾತ್ರಿಗೆ ಆರು ಇಂಚು," ಎಂದರು ತಹಶೀಲ್ದಾರರು. "ಕೆರೆ ಒಡೆದು ಹೋಗಬೇಕಿತ್ತಲ್ರೀ."

"ನಾನು ರಾತ್ರಿ ಬಂಗಲೆಯ ವರಾಂಡದಲ್ಲೇ ಮಲಗಿದ್ದೆ," ಎಂದು ಇನ್‌ಸ್ಪೆಕ್ಟರರು ಮೆಲ್ಲಗೆ ಹೇಳಿದರು. ಕೊಡೆಯ ತುದಿಯಿಂದ ನೆಲವನ್ನು ಕೆದಕಿದರು. ಧೂಳು ಎದ್ದು ಅವರ ಬೂಟಿನ ಮೇಲೆ ಕೂತಿತು. "ಸರಿ. ಬರೆಯಿರಿ ಸಂಗಣ್ಣನವರೇ. ನಿಮ್ಮ ನಿಯಮ ಏನು ಹೇಳುತ್ತದೋ ಹಾಗೆ ಬರೆಯಿರಿ."

ಸಂಗಣ್ಣ ಪೆನ್ನು ತೆಗೆದ. ಆರು ಎಂದು ಬರೆದರೆ ನಿಯಮ ಉಳಿಯುತ್ತದೆ, ಬಹುಶಃ ನೌಕರಿಯೂ ಉಳಿಯುತ್ತದೆ. ಬಾವಿ ಮಾತ್ರ ಇನ್ನೆಂದೂ ಈ ಕಡೆ ತಲೆ ಹಾಕುವುದಿಲ್ಲ. ಅವನು ತಲೆಯೆತ್ತಿ ಸುತ್ತ ನೋಡಿದ. ಬೇವಿನ ಮರದ ಕೆಳಗೆ ಕಂದು ನಾಯಿ ಮಲಗಿತ್ತು. ಅಷ್ಟು ದಿನ ದಾಟಿಕೊಂಡು ಓಡಾಡಿದ ನಾಯಿಯನ್ನು ಸಂಗಣ್ಣ ಅಂದು ಮೊದಲ ಸಲ ನೋಡಿದ. ಅದರ ಮೈಮೇಲೆ ಧೂಳಿತ್ತು. ನಿನ್ನೆಯದು, ಮೊನ್ನೆಯದು, ಅದರಾಚೆಯದು, ಎಲ್ಲವೂ ಇತ್ತು.

"ಸಾಹೇಬ್ರ," ಎಂದ ಸಂಗಣ್ಣ, "ಇದು ಮಳಿ ಅಲ್ಲರಿ."

"ಮತ್ತೇನು?"

"ನೀರು."

"ಎಲ್ಲಿಂದ ಬಂತು?"

"ಅದು ತಿಳೀಲಿಲ್ಲರಿ. ಮಳಿ ಅಲ್ಲ ಅನ್ನೋದಷ್ಟು ತಿಳೀತು. ಹಿಂದಿಂದೂ ಅಲ್ಲಂತ ಕಾಣ್ತದ. ನೀವು ಏನು ಬರೀತೀರಿ ಬರೀರಿ, ನಾ ಇದನ್ನ ಬರ್ಯಂಗಿಲ್ಲ." ಪೆನ್ನನ್ನು ಮುಚ್ಚಿ ಕೋಟಿನ ಜೇಬಿಗೆ ಸಿಕ್ಕಿಸಿದ.

ಬೇಲಿಯ ಬಾಗಿಲಲ್ಲಿ ಬಳೆ ಸದ್ದಾಯಿತು. ಅಮೃತಮ್ಮ ತಲೆಯ ಮೇಲೆ ಸೆರಗು ಎಳೆದುಕೊಂಡು ಒಳಗೆ ಬಂದಿದ್ದಳು.

"ಅದರಾಗ ಒಂದು ಚರಿಗಿ ನೀರು ನಂದರಿ."

ಸಂಗಣ್ಣ ಹೆಂಡತಿಯ ಕಡೆ ನೋಡಿದ. ಅವನು ಏನಾದರೂ ಹೇಳುವ ಮೊದಲೇ ಗೌಹರಬೇಗಂ ತಂತಿಗೆ ಮುಖ ಹಚ್ಚಿ ಹೇಳಿದಳು, "ನಂದೂ ಒಂದದ ಸಾಹೇಬ್ರ. ಹಿಂದಿನ ಕಿಂಡಿಯಿಂದ ನುಸುಳಿ ಹಾಕೀನಿ. ನೀಲಿ ಹಾಕಿಲ್ಲ, ಸಾಫ್ ನೀರು."

ಅಮೃತಮ್ಮ ಬೆರಗಾಗಿ ತಿರುಗಿದಳು. "ನೀವ್ಯಾಕ ಹಾಕಿದ್ರಿ ಆಪಾ?"

"ನೀ ಹಾಕೀದಿ ಅಂತ ನನಗೇನು ಕನಸು ಬಿದ್ದಿತ್ತೇನು?"

"ನನ್ನದು ಸಣ್ಣ ಚರಿಗಿ," ಎಂದಳು ಮಾಳಮ್ಮ ಹಿಂದಿನ ಕಂಬದ ಹತ್ತಿರದಿಂದ. "ಅದಕ್ಕ ಎರಡು ಹಾಕೀನಿ."

ಇನ್‌ಸ್ಪೆಕ್ಟರರು ಕೊಡೆಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿಕೊಂಡರು. "ನಿಮಗೆ ಬಾವಿ ಬೇಡವೇನಮ್ಮ? ಮಳೆ ಹೆಚ್ಚಿದ್ದರೆ ಬಾವಿ ಇಲ್ಲ ಅಂತ ಗೊತ್ತಿರಲಿಲ್ಲವೇ?"

"ಗೊತ್ತಿಲ್ಲದೇನ್ರಿ," ಎಂದಳು ಗೌಹರಬೇಗಂ. "ಬಾವಿ ಹೋದ್ರ ಗುಡ್ಡದ ಕೆಳಗ ಒಂದದ. ಈ ಮನುಷ್ಯಾನ ನೌಕರಿ ಹೋದ್ರ ಆ ಮನಿ ಖಾಲಿ ಆಗ್ತದ. ಆಮ್ಯಾಲೆ ಅಲ್ಲಿಗಿ ಯಾರು ಬರ್ತಾರೋ. ಚಾವಿ ಕೊಡೋರು ಬರ್ತಾರೋ ಇಲ್ಲೋ."

ಚಾವಿಯ ಮಾತು ಬಂದದ್ದರಿಂದ ಉಳಿದದ್ದೂ ಬಂತು. ಕೌದಿ, ದುಪಟ್ಟಾ, ಕಂಬಳಿ, ಹಗ್ಗ, ಮೂಲೆಯಿಂದ ಮೂಲೆಗೆ. ಇನ್‌ಸ್ಪೆಕ್ಟರರು ವಿಜ್ಞಾನ ಓದಿದವರು, ಬಾಯಿಮಾತಿಗೆ ಒಪ್ಪುವವರಲ್ಲ. ಹಾಗೇ ಮಾಡಿ ತೋರಿಸಿ ಎಂದರು. ಹಗ್ಗ ಬಂತು, ಹಸಿ ಮಾಡಿದ ಕೌದಿ ಬಂತು. ಇಬ್ಬರು ಅಧಿಕಾರಿಗಳು, ಒಬ್ಬ ಪಿಂಚಣಿಯ ಅಮೀನ, ಇಡೀ ಓಣಿ ಮತ್ತು ಆಡುಗಳು ಸುತ್ತ ನಿಂತು ಒಂದು ಕೌದಿ ತೊಟ್ಟಿಕ್ಕುವುದನ್ನು ನೋಡಿದರು. ಕೌದಿಯ ಹನಿ ನಿಂತ ಮೇಲೆ ಇನ್‌ಸ್ಪೆಕ್ಟರರು ತಾವೇ ಮೊಣಕಾಲೂರಿ ಓದಿದರು. ಹತ್ತೊಂಬತ್ತು ಸೆಂಟ್.

"ಶುಕ್ರವಾರದ ಮಳೆ," ಎಂದರು ಎದ್ದು ನಿಂತು. ಅವರ ಮುಖದಲ್ಲಿ ನಗು ಇತ್ತೋ ಇಲ್ಲವೋ ಹೇಳುವುದು ಕಷ್ಟ. "ಬಾಟಲಿಯಲ್ಲಿದ್ದುದನ್ನು ಇವರು ಸರಿಯಾಗಿಯೇ ಬರೆದಿದ್ದಾರೆ. ಬಾಟಲಿಯ ಮೇಲೆ ಏನು ತೂಗುತ್ತಿದೆ ಎಂದು ನೋಡಬೇಕೆಂಬ ನಿಯಮವನ್ನು ನಾವು ಬರೆದಿಲ್ಲ. ಎಂಟನೆಯದಾಗಿ ಸೇರಿಸೋಣ."

ಫೆಬ್ರವರಿ, ಮಾರ್ಚಿನ ಮಳೆಯನ್ನೆಲ್ಲ ಅವರು ರದ್ದುಪಡಿಸಿದರು. ಮಾಪಕವನ್ನು ಬಯಲಿನ ಪಡುವಣ ತುದಿಗೆ ಒಯ್ಯಲು ಹೇಳಿದರು. ತಂತಿಯ ಬೇಲಿಯನ್ನು ಕೀಳಲು ಆಳು ಕರೆಯುವಾಗ ಮಾಳಮ್ಮ ಅಡ್ಡ ಬಂದಳು.

"ಇದು ಇಲ್ಲೇ ಇರಲಿ ಸಾಹೇಬ್ರ. ನಿಮ್ಮ ಡಬ್ಬಿಗಿ ನಮ್ಮವ್ರು ಜಾಲಿ ಮುಳ್ಳಿನ ಬೇಲಿ ಹಾಕ್ತಾರ. ಅದನ್ನ ನಮ್ಮ ಆಡೂ ದಾಟಂಗಿಲ್ಲ, ನಾನೂ ದಾಟಂಗಿಲ್ಲ."

ಇನ್‌ಸ್ಪೆಕ್ಟರರು ಹಿಂದಿನ ಕಂಬದ ಸಡಿಲ ತಂತಿಯನ್ನು ಎಳೆದು ನೋಡಿ, ಬೇಲಿ ನಿರುಪಯುಕ್ತ, ಇದ್ದಲ್ಲೇ ಬಿಡಬಹುದು ಎಂದು ಬರೆದುಕೊಂಡರು. ಬೋರ್ಡಿನ ಬಗ್ಗೆ ಯಾರೂ ಏನೂ ಹೇಳದ್ದರಿಂದ ಅದೂ ಅಲ್ಲೇ ಉಳಿಯಿತು. ಮುಂದೆ ಎಷ್ಟೋ ದಿನ, ಶಹಾಪುರಕ್ಕೆ ಹೊಸದಾಗಿ ಬಂದವರು ಸರ್ಕಾರಿ ಮಳೆಮಾಪನ ಕೇಂದ್ರದಲ್ಲಿ ಪೈಜಾಮಗಳು ಒಣಗುವುದನ್ನು ನಿಂತು ನೋಡುತ್ತಿದ್ದರು.

ವಡಗೇರಾಕ್ಕೆ ಕೊಟ್ಟ ಮಾತಿಗೆ ತಹಶೀಲ್ದಾರರು ತಪ್ಪಲಿಲ್ಲ. ಮೊದಲು ಅಲ್ಲಿ ಬಾವಿಯಾಯಿತು. ರದ್ದಾದ ಮಳೆಯ ಕಾಗದ ಮೇಲಕ್ಕೆ ಹೋಗಿ ಇನ್ನೊಂದು ಬಾವಿಯಾಗಿ ಕೆಳಗಿಳಿಯಲು ಎರಡು ತಿಂಗಳು ಹಿಡಿಯಿತು. ತೋಡುವವರು ಮೇ ತಿಂಗಳಲ್ಲಿ ಬಂದರು. ಸುಣ್ಣದ ವೃತ್ತ ಆಗಲೇ ಅಳಿಸಿ ಹೋಗಿತ್ತು. ಎಲ್ಲಿ ಅಗೆಯಬೇಕೆಂದು ಗೌಹರಬೇಗಂ ಕೊಡ ಇಳಿಸಿ ತೋರಿಸಿದಳು. ನೀರು ಸಿಕ್ಕ ದಿನ ನಸೀರುದ್ದೀನ ತಮ್ಮ ಕುರ್ಚಿಯನ್ನು ಬೇವಿನ ಕೆಳಗಿನಿಂದ ಬಾವಿಯ ಹತ್ತಿರಕ್ಕೆ ಹಾಕಿಸಿದರು. ಸಂಗಣ್ಣನಿಗೆ ಓಣಿಯವರು ಮೊದಲ ಕೊಡದಿಂದ ಒಂದು ಚರಿಗೆ ನೀರು ಕೊಟ್ಟರು. ಅವನು ಅದನ್ನು ಬೆಳಕಿಗೆ ಹಿಡಿದು ಬಣ್ಣ ನೋಡಿದ, ಮೂಸಿದ, ಆಮೇಲೆ ಕುಡಿದ.

ಜೂನ್ ಒಂಬತ್ತರ ಸಂಜೆ ಗುಡ್ಡದ ಕಡೆಯಿಂದ ಗಾಳಿ ಎದ್ದು, ಮಣ್ಣಿನ ವಾಸನೆ ಬಂದು, ಹಂಚುಗಳ ಮೇಲೆ ಸದ್ದಾಯಿತು. ಹತ್ತರ ಬೆಳಿಗ್ಗೆ ಸಂಗಣ್ಣ ಗಾಜಿನ ಲೋಟ ಹಿಡಿದು ಹೊರಟವನು ನೇರವಾಗಿ ಮಾಪಕಕ್ಕೆ ಹೋಗಲಿಲ್ಲ. ಮೊದಲು ಅಡಿಗೆಮನೆಯಲ್ಲಿ ನಿಂತ.

"ಏ, ನಿಂದೇನರ ಅದ ಏನು ಅದರಾಗ?"

"ಇಲ್ಲರಿ," ಎಂದಳು ಅಮೃತಮ್ಮ.

ಗೌಹರಬೇಗಂಳ ಬಾಗಿಲಲ್ಲಿ ನಿಂತ. "ಆಪಾ, ನಿಮ್ಮದು?"

"ಅಲ್ಲಾಹನದು ಭಾಯಿ, ನಂದಲ್ಲ."

ಮಾಳಮ್ಮ ದೊಡ್ಡಿಯ ಹತ್ತಿರ ಕಂಬಳಿ ಕೊಪ್ಪೆ ಹಾಕಿಕೊಂಡು ನಿಂತಿದ್ದಳು. ಅವನು ಬಾಯಿ ತೆರೆಯುವ ಮೊದಲೇ, "ಇಲ್ಲೋ ಯಪ್ಪಾ, ಇದು ಮ್ಯಾಲಿಂದ ಬಂದದ. ಹೋಗಿ ಅಳಿ," ಎಂದಳು.

ಸಂಗಣ್ಣ ಬೇವಿನ ಮರದ ಕಡೆ ನಡೆದ. ನಾಯಿ ಎದ್ದು ನಿಂತು ಮೈ ಕೊಡವಿತು; ಕೆಲವು ಹನಿ ಅವನ ಕೋಟಿನ ಮೇಲೆ ಬಿದ್ದವು. ಆಗ ಮಾತ್ರ ಅವನು ಮುಳ್ಳುಬೇಲಿಯ ಬಾಗಿಲು ಸರಿಸಿ ಒಳಗೆ ಹೋಗಿ, ಬಾಟಲಿ ಎತ್ತಿ, ಬಗ್ಗಿಸಿ, ಮೊಣಕಾಲೂರಿ ಓದಿದ.

ನಲವತ್ತೆರಡು ಸೆಂಟ್.